ಗಡ್ಡೆ ಸಿಕ್ಕಿದ್ದು ಎದೆಯಲ್ಲಿ, ಅದರ ಹುಟ್ಟೂರು ಯಾವುದು?

2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಕಚೇರಿಯಿಂದ ಒಂದು ಸುದ್ದಿ ಬಂತು. ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಅದು ಮೂಳೆಗೆ ಹರಡಿದೆ. ಓದಿದ ಕೂಡಲೇ ತಲೆಗೆ ಬರುವ ಪ್ರಶ್ನೆ: ಹಾಗಾದ್ರೆ ಅದು ಮೂಳೆ ಕ್ಯಾನ್ಸರ್ ಅಲ್ವಾ? ಅಲ್ಲ. ಮೂಳೆಯೊಳಗೆ ಕೂತಿದ್ದರೂ ಅದು ಪ್ರಾಸ್ಟೇಟ್ ಕ್ಯಾನ್ಸರೇ. ಕೊಡುವ ಔಷಧಿಯೂ ಪ್ರಾಸ್ಟೇಟಿನದೇ.

ಎದೆಯ ವಿಷಯಕ್ಕೆ ಬಂದರೆ ಈ ಗೊಂದಲ ಇನ್ನೂ ಜಾಸ್ತಿ. ಯಾಕೆಂದರೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಹುಟ್ಟುವುದೂ ಉಂಟು, ಬೇರೆ ಕಡೆಯಿಂದ ಬಂದು ಸೇರುವುದೂ ಉಂಟು. ಎರಡೂ ಎಕ್ಸ್-ರೇಯಲ್ಲಿ ಬಿಳಿ ಮಚ್ಚೆಯಾಗಿಯೇ ಕಾಣುತ್ತವೆ. ಕ್ರಿಕೆಟ್ ನೋಡುವವರಿಗೆ 2012ರ ಫೆಬ್ರವರಿ ನೆನಪಿರಬಹುದು. ಯುವರಾಜ್ ಸಿಂಗ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಮೊದಲು ಸುದ್ದಿಯಾಯಿತು. ಆಮೇಲೆ ಗೊತ್ತಾಯಿತು, ಅದು ಎರಡು ಶ್ವಾಸಕೋಶಗಳ ನಡುವಿನ ಜಾಗದಲ್ಲಿ ಬೆಳೆದ ಸೆಮಿನೋಮ. ಸಾಮಾನ್ಯವಾಗಿ ವೃಷಣದಲ್ಲಿ ಹುಟ್ಟುವ ಜಾತಿಯ ಗಡ್ಡೆ ಅದು. ಹೆಸರು ಬದಲಾಗಿದ್ದರಿಂದ ಔಷಧಿ ಬದಲಾಯಿತು, ಗುಣವಾಗುವ ಸಾಧ್ಯತೆಯ ಲೆಕ್ಕವೇ ಬದಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಭಾರತ ತಂಡಕ್ಕೆ ಆಡಿದರು.

ಹಾಗಾದರೆ ಎದೆಯಲ್ಲಿ ಸಿಕ್ಕ ಗಡ್ಡೆ ಎಲ್ಲಿಂದ ಬಂದದ್ದು ಅಂತ ವೈದ್ಯರು ಹೇಗೆ ಕಂಡುಹಿಡಿಯುತ್ತಾರೆ? ಅದಕ್ಕೆ ಇಷ್ಟು ದಿನ, ಇಷ್ಟು ಪರೀಕ್ಷೆ ಯಾಕೆ ಬೇಕು? ಯಾವುದರ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ?

ಊರು ಬಿಟ್ಟರೂ ಮಾತು ಬಿಡುವುದಿಲ್ಲ

ಧಾರವಾಡದವರು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆಗಿದ್ದರೂ ಬಾಯಿ ಬಿಟ್ಟರೆ ಗೊತ್ತಾಗುತ್ತದೆ, ಅಲ್ವಾ? ಕ್ಯಾನ್ಸರ್ ಕೋಶವೂ ಹಾಗೇ. ಥೈರಾಯ್ಡ್ ಗ್ರಂಥಿಯಿಂದ ಹೊರಟ ಕೋಶ ಶ್ವಾಸಕೋಶದಲ್ಲಿ ಕೂತ ಮೇಲೂ ಎಷ್ಟೋ ಸಲ ಅಯೋಡಿನ್ ಹೀರುತ್ತಲೇ ಇರುತ್ತದೆ. ಪ್ರಾಸ್ಟೇಟಿನ ಕೋಶ ಎಲ್ಲಿ ಹೋದರೂ ಗಂಡು ಹಾರ್ಮೋನಿಗೆ ಹಸಿದಿರುತ್ತದೆ. ಸ್ತನದ ಕೋಶ ಈಸ್ಟ್ರೋಜನ್ ಹುಡುಕುತ್ತದೆ.

ಚಿಕಿತ್ಸೆ ನಿಂತಿರುವುದು ಈ ಹಳೇ ಚಾಳಿಯ ಮೇಲೆ. ಸ್ತನದಿಂದ ಶ್ವಾಸಕೋಶಕ್ಕೆ ಬಂದ ಕ್ಯಾನ್ಸರ್ ಹಾರ್ಮೋನ್ ಹುಡುಕುವ ಜಾತಿಯದಾಗಿದ್ದರೆ ಲೆಟ್ರೋಜೋಲ್‌ನಂಥ ಮಾತ್ರೆ ಕೆಲಸ ಮಾಡುತ್ತದೆ. ಅದೇ ಮಾತ್ರೆ ಶ್ವಾಸಕೋಶದಲ್ಲೇ ಹುಟ್ಟಿದ ಕ್ಯಾನ್ಸರಿಗೆ ಉಪಯೋಗಕ್ಕಿಲ್ಲ. ಅದಕ್ಕೆ ಇಜಿಎಫ್‌ಆರ್ ಜೀನಿನಲ್ಲಿ ಬದಲಾವಣೆ ಇದೆಯಾ ಅಂತ ನೋಡಿ, ಇದ್ದರೆ ಗೆಫಿಟಿನಿಬ್ ಅಥವಾ ಒಸಿಮರ್ಟಿನಿಬ್ ಮಾತ್ರೆ ಕೊಡುತ್ತಾರೆ. ದೊಡ್ಡ ಕರುಳಿನಿಂದ ಬಂದದ್ದಾದರೆ ಕಿಮೋ ಔಷಧಿಗಳ ಜೋಡಿಯೇ ಬೇರೆ. ಎಡವಿದರೆ ನಷ್ಟ ಎರಡು ಕಡೆಯಿಂದ. ಕೆಲಸ ಮಾಡದ ಔಷಧಿಯ ಸಂಕಟ ಅನುಭವಿಸಬೇಕು, ಕೆಲಸ ಮಾಡಬಹುದಾಗಿದ್ದ ಔಷಧಿಯ ಸಮಯ ಕಳೆದುಹೋಗುತ್ತದೆ.

ಎಲ್ಲವೂ ಎದೆಗೇ ಯಾಕೆ ಬರುತ್ತವೆ

ದೇಹದ ಮೂಲೆಮೂಲೆಯಿಂದ ವಾಪಸ್ ಬರುವ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಸುಮ್ಮನೆ ಕೂತಿದ್ದಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್. ಅಲ್ಲಿನ ರಕ್ತನಾಳಗಳು ಕೂದಲಿಗಿಂತಲೂ ಎಷ್ಟೋ ಸಪೂರ. ಗಡ್ಡೆಯಿಂದ ಕಳಚಿಕೊಂಡು ಬಂದ ಕೋಶ ಆ ನಾಳಗಳಿಗಿಂತ ದಪ್ಪ. ಸೋಸುಬಟ್ಟೆಯಲ್ಲಿ ಟೀ ಪುಡಿ ಸಿಕ್ಕಿಕೊಂಡಂತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕರುಳು. ದೊಡ್ಡ ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ಹಾಗಾಗಿ ಅದರ ಕ್ಯಾನ್ಸರ್ ಮೊದಲು ಲಿವರ್‌ನಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಆದರೆ ಗುದನಾಳದ ಕೆಳಭಾಗದ ರಕ್ತಕ್ಕೆ ಲಿವರ್ ತಪ್ಪಿಸಿ ಹೋಗುವ ದಾರಿ ಇದೆ. ಅಲ್ಲಿ ಹುಟ್ಟಿದ ಕ್ಯಾನ್ಸರ್ ಲಿವರ್ ಶುದ್ಧವಾಗಿದ್ದರೂ ಶ್ವಾಸಕೋಶದಲ್ಲಿ ಕಾಣಿಸಬಹುದು. ಲಿವರ್ ಸ್ಕ್ಯಾನ್ ಚೆನ್ನಾಗಿದೆ, ಎಲ್ಲ ಸರಿ ಅಂತ ಅಲ್ಲಿಗೇ ನಿಲ್ಲಿಸುವಂತಿಲ್ಲ.

ಬರೀ ರಕ್ತದ ದಾರಿಯೊಂದೇ ಕಾರಣವಾ? 1889ರಲ್ಲೇ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಈ ಪ್ರಶ್ನೆ ಎತ್ತಿದ್ದರು. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆ ನೋಡಿದರು. ಲಿವರ್‌ಗೆ ಹರಡಿದ್ದು ಬಹಳ, ಗುಲ್ಮಕ್ಕೆ (ಸ್ಪ್ಲೀನ್) ಹರಡಿದ್ದು ತೀರಾ ಕಮ್ಮಿ. ಗುಲ್ಮಕ್ಕೇನು ರಕ್ತ ಕಮ್ಮಿಯಾ? ಇಲ್ಲ. ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅಂದರು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ತನ, ಕಿಡ್ನಿ, ಥೈರಾಯ್ಡ್, ಕರುಳು, ಮೂಳೆಯ ಸಾರ್ಕೋಮ, ಚರ್ಮದ ಮೆಲನೋಮ, ಇವಕ್ಕೆಲ್ಲ ಶ್ವಾಸಕೋಶದ ಮಣ್ಣು ಒಗ್ಗುತ್ತದೆ.

ಮೊದಲ ಅನುಮಾನ ಟಿಬಿ ಮೇಲೆ

ನಮ್ಮ ಕಡೆ ಎಕ್ಸ್-ರೇಯಲ್ಲಿ ಮಚ್ಚೆ ಕಂಡರೆ ಮೊದಲು ನೆನಪಾಗುವುದು ಟಿಬಿ. ಅದರಲ್ಲಿ ತಪ್ಪೇನಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಕೆಮ್ಮು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಎದೆಯಲ್ಲಿ ನೀರು, ಎಲ್ಲ ಲಕ್ಷಣವೂ ಎರಡಕ್ಕೂ ಸಲ್ಲುತ್ತವೆ. 2024ರ ಡಿಸೆಂಬರ್ 7ರಂದು ಶುರುವಾದ 100 ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿದು ಓಡಾಡುವ ಎಕ್ಸ್-ರೇ ಯಂತ್ರಗಳೂ ಹಳ್ಳಿಗಳಿಗೆ ಹೋದವು. ಎಕ್ಸ್-ರೇ ಜಾಸ್ತಿ ಆದಷ್ಟೂ ಮಚ್ಚೆ ಸಿಗುವುದೂ ಜಾಸ್ತಿ ಆಗುತ್ತದೆ. ಎಲ್ಲವೂ ಟಿಬಿ ಆಗಿರುವುದಿಲ್ಲ.

ಇಲ್ಲಿ ಎರಡು ವಾದಗಳಿವೆ. ಒಂದು: ಟಿಬಿ ಸಾಮಾನ್ಯ ಕಾಯಿಲೆ, ವಾಸಿಯಾಗುತ್ತದೆ, ಔಷಧಿ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಸೂಜಿ ಚುಚ್ಚುವ ಮೊದಲು ಟಿಬಿ ಮಾತ್ರೆ ಕೊಟ್ಟು ನೋಡೋಣ. ಇನ್ನೊಂದು: ರೋಗಾಣು ಕಣ್ಣಿಗೆ ಬೀಳದೆ ಸುಮ್ನೆ ಮಾತ್ರೆ ಶುರುಮಾಡಿದರೆ, ಕ್ಯಾನ್ಸರ್ ಆಗಿದ್ದ ಪಕ್ಷದಲ್ಲಿ ತಿಂಗಳುಗಟ್ಟಲೆ ಸಮಯ ಕೈಬಿಟ್ಟು ಹೋಗುತ್ತದೆ.

ಬಯಾಪ್ಸಿ ಸೌಲಭ್ಯ ಒಂದು ದಿನದ ಪ್ರಯಾಣದಲ್ಲಿ ಸಿಗುವ ಊರುಗಳಲ್ಲಿ ಎರಡನೇ ವಾದವೇ ಗಟ್ಟಿ ಅನ್ನಿಸುತ್ತದೆ. ಕಫದಲ್ಲಿ ಟಿಬಿ ಇದೆಯಾ ಅಂತ ಸಿಬಿನಾಟ್ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಬಂದಿಲ್ಲ ಅಂದರೆ ಮುಂದಿನ ಹೆಜ್ಜೆ ಅಂಗಾಂಶದ ಕಡೆಗೆ ಇರಬೇಕು. ಇನ್ನೊಂದು ಮೋಸವೂ ಇದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಗಡ್ಡೆಯ ಹಿಂದೆ ಕಟ್ಟಿಕೊಂಡ ಸೋಂಕು ಅದರಿಂದ ಇಳಿದು, ಹದಿನೈದು ದಿನ ಜ್ವರ ಬಿಟ್ಟು, ರೋಗಿಗೆ ಹಾಯೆನಿಸಬಹುದು. ಮನೆಯವರು ‘ಔಷಧಿ ಹಿಡೀತು’ ಅಂದುಕೊಳ್ಳುತ್ತಾರೆ. ಗಡ್ಡೆ ಅಲ್ಲೇ ಇರುತ್ತದೆ.

ತಿರುಗಾಮುರುಗಾ ತಪ್ಪೂ ಆಗುತ್ತದೆ ಅನ್ನುವುದನ್ನು ಮರೆಯಬಾರದು. ಮೊದಲು ಕ್ಯಾನ್ಸರ್ ಆಗಿದ್ದವರ ಎದೆಯಲ್ಲಿ ಹೊಸ ಗಂಟು ಕಂಡರೆ ‘ಹರಡಿಬಿಟ್ಟಿದೆ’ ಅಂತ ತೀರ್ಮಾನಿಸುವುದು ಸುಲಭ. ಕಿಮೋ ತೆಗೆದುಕೊಂಡು ದೇಹ ಸೋತವರಿಗೆ ಟಿಬಿ ಬರುವುದು ಹೊಸದೇನಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು.

ಸ್ಕ್ಯಾನ್ ಸುಳಿವು ಕೊಡುತ್ತದೆ, ಹೆಸರು ಹೇಳುವುದಿಲ್ಲ

ಸಿಟಿ ಸ್ಕ್ಯಾನ್ ನೋಡಿ ರೇಡಿಯಾಲಜಿಸ್ಟ್ ಬಹಳಷ್ಟು ಊಹೆ ಮಾಡಬಲ್ಲರು. ಎರಡೂ ಕಡೆ, ಕೆಳಗಿನ ಭಾಗದಲ್ಲಿ, ಅಂಚಿಗೆ ಹತ್ತಿರ, ಗುಂಡಗಿನ ಹತ್ತಾರು ಗಂಟುಗಳಿದ್ದರೆ ಹೊರಗಿನಿಂದ ಬಂದದ್ದು ಅನ್ನುವ ಅನುಮಾನ ಬಲವಾಗುತ್ತದೆ. ಒಂದೇ ಗಂಟು, ಅಂಚು ಮುಳ್ಳುಮುಳ್ಳಾಗಿ, ಮೇಲ್ಭಾಗದಲ್ಲಿ, ಬೀಡಿ ಸೇದುವವರಲ್ಲಿ ಕಂಡರೆ ಶ್ವಾಸಕೋಶದ್ದೇ ಇರಬಹುದು. ಫಿರಂಗಿ ಗುಂಡಿನ ಹಾಗೆ ದೊಡ್ಡ ಗುಂಡುಗಳು ಕಂಡರೆ ಕಿಡ್ನಿ, ಸಾರ್ಕೋಮ ನೆನಪಾಗುತ್ತವೆ. ರಾಗಿ ಚೆಲ್ಲಿದ ಹಾಗೆ ಸಣ್ಣ ಕಾಳು ತುಂಬಿದ್ದರೆ ಥೈರಾಯ್ಡ್, ಮೆಲನೋಮ ಇರಬಹುದು. ಟಿಬಿಯೂ ಇರಬಹುದು. ಮತ್ತೆ ಶುರುವಿಗೇ ಬಂದೆವು.

ಪೆಟ್-ಸಿಟಿ ಬಗ್ಗೆ ಜನರಲ್ಲಿ ಒಂದು ಭ್ರಮೆ ಇದೆ. ಇದೊಂದು ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಅಂತ. ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಎಲ್ಲಿ ಅದು ಜಾಸ್ತಿ ಖರ್ಚಾಗುತ್ತಿದೆ ಅಂತ ನೋಡುವ ಸ್ಕ್ಯಾನ್ ಇದು. ಕ್ಯಾನ್ಸರ್ ಸಕ್ಕರೆಬಾಕ, ನಿಜ. ಆದರೆ ಟಿಬಿ ಗಂಟೂ ಸಕ್ಕರೆ ತಿನ್ನುತ್ತದೆ, ಅಷ್ಟೇ ಜೋರಾಗಿ ಹೊಳೆಯುತ್ತದೆ. ಇತ್ತ ಪ್ರಾಸ್ಟೇಟ್ ಮತ್ತು ಕಿಡ್ನಿಯ ಕೆಲವು ಕ್ಯಾನ್ಸರ್‌ಗಳು ಹೊಳೆಯುವುದೇ ಇಲ್ಲ. 8 ಮಿಲಿಮೀಟರ್‌ಗಿಂತ ಚಿಕ್ಕ ಗಂಟುಗಳ ಬಗ್ಗೆ ಅದರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ.

ಹಾಗಾದರೆ ದುಡ್ಡು ದಂಡವಾ? ಅಲ್ಲ. ಬೇರೆಲ್ಲಿ ಏನಿದೆ, ಎಲ್ಲಿಂದ ತುಂಡು ತೆಗೆಯುವುದು ಸುಲಭ ಅಂತ ಇದು ತೋರಿಸುತ್ತದೆ. ಎಡಗಡೆ ಕಾಲರ್ ಮೂಳೆಯ ಮೇಲೆ ಕಡಲೆಕಾಳಿನಷ್ಟು ಗಂಟೊಂದು ಸಿಕ್ಕಿದರೆ, ಶ್ವಾಸಕೋಶದ ಆಳಕ್ಕೆ ಸೂಜಿ ಇಳಿಸುವ ಗೊಡವೆಯೇ ತಪ್ಪಬಹುದು. ಆ ಗಂಟನ್ನು ಬೆರಳಿಂದ ಮುಟ್ಟಿ ನೋಡಿದರೂ ಸಿಗುತ್ತದೆ. ಆ ಪರೀಕ್ಷೆಗೆ ಬಿಲ್ ಇಲ್ಲ, ಅದಕ್ಕೋ ಏನೋ ಎಷ್ಟೋ ಕಡೆ ಮಾಡುವುದೂ ಇಲ್ಲ.

ಎದೆಯಲ್ಲಿ ನೀರು ತುಂಬಿದಾಗ

ಹರಡಿದ ಕ್ಯಾನ್ಸರ್ ಕೆಲವೊಮ್ಮೆ ಗಂಟಾಗಿ ಕಾಣದೆ, ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ನೀರಾಗಿ ಕಾಣುತ್ತದೆ. ಸ್ತನ, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರ್ ಮತ್ತು ಲಿಂಫೋಮದಲ್ಲಿ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದು ಹೆಚ್ಚು. ಉಸಿರಾಡಲು ಕಷ್ಟವಾಗಿ ಬಂದವರಿಗೆ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಒಂದು ಲೀಟರ್ ತೆಗೆದು ಬಾಟಲಿ ಚೆಲ್ಲಿ, ಲ್ಯಾಬಿಗೆ ಒಂದು ಸಿರಿಂಜಿನಷ್ಟು ಕಳಿಸಿದರೆ ಅವಕಾಶ ಅಲ್ಲೇ ಹಾಳಾಯಿತು. ಕನಿಷ್ಠ 50 ಮಿಲಿಲೀಟರ್ ಕಳಿಸಿದರೆ, ಕೋಶಗಳನ್ನು ತಳಕ್ಕೆ ಇಳಿಸಿ, ಗಟ್ಟಿಮಾಡಿ, ಬಯಾಪ್ಸಿ ತುಂಡಿನಂತೆ ಹೋಳು ಮಾಡಿ ನೋಡಬಹುದು. ಇದನ್ನು ಸೆಲ್ ಬ್ಲಾಕ್ ಅನ್ನುತ್ತಾರೆ.

ಕ್ಯಾನ್ಸರ್ ಇದ್ದರೂ ಮೊದಲ ಸಲದ ನೀರಿನಲ್ಲಿ ಕೋಶ ಸಿಗುವುದು ನೂರರಲ್ಲಿ ಸುಮಾರು ಅರವತ್ತು ಮಂದಿಗೆ. ಎರಡನೇ ಸಲ ಇನ್ನಷ್ಟು ಜನರಲ್ಲಿ ಸಿಗುತ್ತದೆ. ಮೂರನೆಯದರಿಂದ ಹೆಚ್ಚು ಲಾಭವಿಲ್ಲ. ಹಾಗಾಗಿ ‘ನೀರಿನಲ್ಲಿ ಕ್ಯಾನ್ಸರ್ ಇಲ್ಲ’ ಅಂತ ಒಂದು ರಿಪೋರ್ಟ್ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥವಲ್ಲ. ಆ ಹಂತದಲ್ಲಿ ಪಕ್ಕೆಯಿಂದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ಪೊರೆಯನ್ನು ಕಣ್ಣಾರೆ ನೋಡಿ ತುಂಡು ತೆಗೆಯುವ ಥೊರಕೋಸ್ಕೋಪಿ ಮಾಡುತ್ತಾರೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಉತ್ತರ ಸಿಗುತ್ತದೆ.

ನೀರಿನ ರಿಪೋರ್ಟಿನಲ್ಲಿ ಎಡಿಎ ಅಂತ ಒಂದು ಸಂಖ್ಯೆ ಇರುತ್ತದೆ. 40ಕ್ಕಿಂತ ಮೇಲಿದ್ದರೆ ಟಿಬಿ ಕಡೆಗೆ ವಾಲುತ್ತಾರೆ. ನಮ್ಮ ದೇಶದಲ್ಲಿ ಇದು ನಿಜಕ್ಕೂ ಉಪಯೋಗದ ಪರೀಕ್ಷೆ. ಆದರೆ ಲಿಂಫೋಮದಲ್ಲೂ ಈ ಸಂಖ್ಯೆ ಏರುತ್ತದೆ.

ಶಾವಿಗೆ ಎಳೆಯಷ್ಟು ತುಂಡು

ಕಡೆಗೆ ಎಲ್ಲ ಬಂದು ನಿಲ್ಲುವುದು ಬಯಾಪ್ಸಿಯಲ್ಲಿ. ಸಿಟಿ ನೋಡಿಕೊಂಡು ಪಕ್ಕೆಲುಬಿನ ನಡುವೆ ಸೂಜಿ ಇಳಿಸಿದಾಗ ಸಿಗುವುದು ಶಾವಿಗೆ ಎಳೆಯ ಹಾಗಿರುವ ಒಂದೆರಡು ಸೆಂಟಿಮೀಟರ್ ಉದ್ದದ ತುಂಡು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಅನ್ನುವ ಭಯ ಬಹಳ ಜನರಲ್ಲಿದೆ. ಸೂಜಿಯ ದಾರಿಯಲ್ಲಿ ಕೋಶ ಬೀಳುವುದು ತೀರಾ ಅಪರೂಪ. ನಿಜವಾದ ತೊಂದರೆ ಗಾಳಿಯದು. ಶ್ವಾಸಕೋಶದಿಂದ ಗಾಳಿ ಸೋರಿ ಪೊರೆಯೊಳಗೆ ಸೇರಿಕೊಳ್ಳಬಹುದು. ಆರೇಳು ಮಂದಿಯಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ.

ಆ ತುಂಡು ಫಾರ್ಮಲಿನ್‌ನಲ್ಲಿ ಮುಳುಗಿ, ಆಮೇಲೆ ಪ್ಯಾರಫಿನ್ ಮೇಣದೊಳಗೆ ಕೂರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೇಣದ ಬಿಲ್ಲೆ. ಇದೇ ಬ್ಲಾಕ್. ಮೇಣವನ್ನು ಮಿಲಿಮೀಟರಿನ ಸಾವಿರ ಭಾಗದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ನೋಡುತ್ತಾರೆ. ಇಲ್ಲಿ ಮೊದಲ ರಿಪೋರ್ಟ್ ಸಾಮಾನ್ಯವಾಗಿ ‘ಅಡಿನೋಕಾರ್ಸಿನೋಮ’ ಅಂತಷ್ಟೇ ಬರುತ್ತದೆ. ಗ್ರಂಥಿಯಂಥ ಕೋಶಗಳ ಕ್ಯಾನ್ಸರ್ ಅಂತ ಅರ್ಥ. ಶ್ವಾಸಕೋಶ, ಸ್ತನ, ಹೊಟ್ಟೆ, ಕರುಳು, ಎಲ್ಲದರಲ್ಲೂ ಇದು ಹುಟ್ಟುತ್ತದೆ. ಅಷ್ಟಕ್ಕೇ ಕಿಮೋ ಶುರುಮಾಡುವುದು ವಿಳಾಸ ಬರೆಯದೆ ಕಾಗದ ಅಂಚೆಗೆ ಹಾಕಿದ ಹಾಗೆ.

ಮುಂದಿನದು ಕೋಶವನ್ನು ಮಾತಾಡಿಸುವ ಕೆಲಸ. ಐಎಚ್‌ಸಿ ಅಂತ ಕರೆಯುವ ಬಣ್ಣದ ಪರೀಕ್ಷೆ ಇದು. ಒಂದೊಂದು ಅಂಗದ ಕೋಶದಲ್ಲಿ ಒಂದೊಂದು ಪ್ರೋಟೀನ್ ಇರುತ್ತದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಆ್ಯಂಟಿಬಾಡಿ ಹಾಕಿದರೆ, ಇದ್ದ ಕಡೆ ಕಂದು ಬಣ್ಣ ಬರುತ್ತದೆ. ಟಿಟಿಎಫ್-1 ಕಂದಾದರೆ ಶ್ವಾಸಕೋಶ ಅಥವಾ ಥೈರಾಯ್ಡ್. ಗಾಟಾ-3 ಆದರೆ ಸ್ತನದ ಕಡೆಗೆ ಅಥವಾ ಮೂತ್ರಕೋಶದ ಕಡೆಗೆ ನೋಡಬೇಕು. ಸಿಡಿಎಕ್ಸ್-2 ಮತ್ತು ಸಿಕೆ-20 ಕರುಳನ್ನು ಹೇಳುತ್ತವೆ. ಪ್ಯಾಕ್ಸ್-8 ಕಿಡ್ನಿ, ಅಂಡಾಶಯ, ಥೈರಾಯ್ಡ್ ಮೂರರಲ್ಲೂ ಬರುತ್ತದೆ. ಯಾವುದೊಂದೂ ಆಧಾರ್ ಕಾರ್ಡ್ ಅಲ್ಲ. ಶ್ವಾಸಕೋಶದಲ್ಲೇ ಹುಟ್ಟಿದ ಅಡಿನೋಕಾರ್ಸಿನೋಮಗಳಲ್ಲೂ ಕಾಲುಭಾಗದಷ್ಟರಲ್ಲಿ ಟಿಟಿಎಫ್-1 ಬರುವುದಿಲ್ಲ. ನಾಲ್ಕಾರು ಬಣ್ಣ ಜೋಡಿಸಿ, ರೋಗಿಯ ಕಥೆಯ ಜೊತೆ ಇಟ್ಟು ನೋಡಬೇಕು.

ಆ ಕಥೆಯೇ ತುಂಡು ನೋಡಿ ರಿಪೋರ್ಟ್ ಬರೆಯುವ ಪ್ಯಾಥಾಲಜಿಸ್ಟ್ ಕೈಗೆ ಸೇರುವುದಿಲ್ಲ ಅನ್ನುವುದು ಈ ಸರಪಳಿಯ ದುರ್ಬಲ ಕೊಂಡಿ. ಫಾರಂನಲ್ಲಿ ‘ಲಂಗ್ ಬಯಾಪ್ಸಿ’ ಅಂತ ಎರಡು ಪದ ಬರೆದಿದ್ದರೆ, ಒಂದೊಂದೇ ಬಣ್ಣ ಹಾಕಿ ನೋಡಬೇಕು. ಪ್ರತಿ ಬಣ್ಣಕ್ಕೂ ಒಂದು ಹೋಳು ಖರ್ಚು. ಇಪ್ಪತ್ತು ಬಣ್ಣ ಮುಗಿಯುವ ಹೊತ್ತಿಗೆ ಶಾವಿಗೆ ಎಳೆ ಮುಗಿದಿರುತ್ತದೆ. ಜೀನ್ ಪರೀಕ್ಷೆಗೆ ಏನೂ ಉಳಿಯದೆ ಮತ್ತೆ ಸೂಜಿ ಹಾಕಬೇಕಾಗುತ್ತದೆ. ಅದರ ಬದಲು ‘ಆರು ವರ್ಷದ ಹಿಂದೆ ಬಲ ಸ್ತನದ ಆಪರೇಷನ್ ಆಗಿದೆ’ ಅಂತ ಒಂದು ಸಾಲು ಇದ್ದರೆ ಮೂರ್ನಾಲ್ಕು ಬಣ್ಣದಲ್ಲಿ ಕೆಲಸ ಮುಗಿಯಬಹುದು.

ಹಳೇ ಕ್ಯಾನ್ಸರ್ ಗೊತ್ತೇ ಇದೆಯಲ್ಲ, ಮತ್ತೆ ಬಯಾಪ್ಸಿ ಯಾಕೆ ಅಂತ ಕೇಳುವವರಿದ್ದಾರೆ. ಎರಡು ಕಾರಣ. ಹೊಸ ಗಂಟು ಹೊಸ ಕ್ಯಾನ್ಸರೇ ಆಗಿರಬಹುದು. ಇಲ್ಲಾ, ಹಳೆಯದೇ ಬಣ್ಣ ಬದಲಿಸಿರಬಹುದು. ಸ್ತನ ಕ್ಯಾನ್ಸರ್ ಹರಡಿದಾಗ ಹಾರ್ಮೋನ್ ಅಥವಾ ಹರ್-2 (ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿರುವ ಪ್ರೋಟೀನ್) ಫಲಿತಾಂಶ ನೂರಕ್ಕೆ ಹತ್ತಿಪ್ಪತ್ತು ಮಂದಿಯಲ್ಲಿ ಬದಲಾಗಿರುತ್ತದೆ. ಔಷಧಿ ಅದನ್ನೇ ನೋಡಿ ಕೊಡುವುದು.

ಬಣ್ಣವೂ ಕೈಕೊಡುವ ಜಾಗ

ಭಾರತದಲ್ಲಿ ಗಂಡಸರಿಗೆ ಬಾಯಿ ಕ್ಯಾನ್ಸರ್ ಹೆಚ್ಚು. ಗುಟ್ಕಾ, ಕಡ್ಡಿಪುಡಿ, ಬೀಡಿ ಇದರ ಹಿಂದಿವೆ. ಇವು ಸ್ಕ್ವಾಮಸ್ ಜಾತಿಯವು, ಅಂದರೆ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವಂಥವು. ಬಾಯಿ ಕ್ಯಾನ್ಸರ್ ಆಪರೇಷನ್ ಆದ ಎರಡು ವರ್ಷಕ್ಕೆ ಅದೇ ವ್ಯಕ್ತಿಯ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿತು ಅಂದುಕೊಳ್ಳಿ. ಬಯಾಪ್ಸಿಯಲ್ಲೂ ಸ್ಕ್ವಾಮಸ್ ಬಂತು. ಹಳೆಯದು ಹರಡಿದ್ದಾ, ಹೊಸದು ಹುಟ್ಟಿದ್ದಾ? ಬಾಯಿಯದಾಗಲಿ ಶ್ವಾಸಕೋಶದ್ದಾಗಲಿ, ಸ್ಕ್ವಾಮಸ್ ಗುರುತಿಸುವ ಪಿ-40 ಬಣ್ಣ ಎರಡರಲ್ಲೂ ಒಂದೇ ಥರ ಕಂದಾಗುತ್ತದೆ. ಕೋಶ ಬಾಯಿಬಿಟ್ಟರೂ ಊರು ಗೊತ್ತಾಗದ ಸಂದರ್ಭ ಇದು.

ಇದರ ಪರಿಣಾಮ ದೊಡ್ಡದು. ಹೊಸದಾಗಿ ಹುಟ್ಟಿದ ಮೊದಲ ಹಂತದ ಗಡ್ಡೆಯಾದರೆ ಆಪರೇಷನ್ ಮಾಡಿ ತೆಗೆದು ಗುಣವಾಗುವ ಆಸೆ ಇದೆ. ಹರಡಿದ್ದಾದರೆ ದಾರಿ ಬೇರೆ. ಗಂಟು ಒಂದಾ ಹಲವಾ, ಅಂಚು ಹೇಗಿದೆ, ಬಾಯಿಯ ಗಡ್ಡೆ ಎಷ್ಟು ಮುಂದುವರಿದಿತ್ತು, ನಡುವೆ ಎಷ್ಟು ಸಮಯ ಹೋಗಿದೆ, ಇವನ್ನೆಲ್ಲ ಟ್ಯೂಮರ್ ಬೋರ್ಡ್ (ಬೇರೆ ಬೇರೆ ವಿಭಾಗದ ವೈದ್ಯರು ಒಟ್ಟಿಗೆ ಕೂತು ಚರ್ಚಿಸುವ ಸಭೆ) ಮುಂದಿಟ್ಟು ತೂಗುತ್ತಾರೆ. ಅನುಮಾನ ಉಳಿದರೆ ಒಂದೇ ಗಂಟಿದ್ದವರಿಗೆ ‘ಹೊಸದು’ ಅಂತಲೇ ಎಣಿಸಿ ಗುಣಪಡಿಸಲು ನೋಡುವ ವೈದ್ಯರು ಬಹಳ. ಅದು ಸರಿಯಾದ ಔದಾರ್ಯ. ತಪ್ಪಾದರೂ ರೋಗಿಗೆ ಆಗುವ ನಷ್ಟ ಕಡಿಮೆ.

ಪ್ರೆಗ್ನೆನ್ಸಿ ಟೆಸ್ಟ್ ಉತ್ತರ ಹೇಳುವ ಸಂದರ್ಭ

ಹೆರಿಗೆಯೋ ಗರ್ಭಪಾತವೋ ಆಗಿ ಕೆಲವು ತಿಂಗಳಾದ ಯುವತಿ. ಕೆಮ್ಮಿದರೆ ರಕ್ತ. ಎಕ್ಸ್-ರೇ ತುಂಬ ಗುಂಡಗಿನ ನೆರಳು. ಇಲ್ಲಿ ಮೊದಲು ಮಾಡಬೇಕಾದ್ದು ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ. ಗರ್ಭ ನಿಂತಿದೆಯಾ ಅಂತ ನೋಡುವ ಅದೇ ಹಾರ್ಮೋನ್. ಮೆಡಿಕಲ್ ಶಾಪಿನ ಮೂತ್ರದ ಸ್ಟ್ರಿಪ್ ಕೂಡ ಮೊದಲ ಸುಳಿವು ಕೊಡಬಲ್ಲದು. ಕೋರಿಯೋಕಾರ್ಸಿನೋಮ ಅನ್ನುವ ಈ ಕ್ಯಾನ್ಸರ್ ಗರ್ಭದ ಮಾಸಿನ ಕೋಶದಿಂದ ಹುಟ್ಟುತ್ತದೆ, ಶ್ವಾಸಕೋಶಕ್ಕೆ ಬೇಗ ಓಡುತ್ತದೆ. ಚುಚ್ಚಿದರೆ ವಿಪರೀತ ರಕ್ತ ಹೋಗುವ ಅಪಾಯ ಇರುವುದರಿಂದ ಎಷ್ಟೋ ಸಲ ಬಯಾಪ್ಸಿ ಇಲ್ಲದೆ, ಹಾರ್ಮೋನಿನ ಸಂಖ್ಯೆ ನೋಡಿಯೇ ಚಿಕಿತ್ಸೆ ಶುರುಮಾಡುತ್ತಾರೆ. ಶ್ವಾಸಕೋಶಕ್ಕೆ ಹರಡಿದ್ದರೂ ಬಹುಪಾಲು ಹೆಂಗಸರು ಪೂರ್ತಿ ಗುಣವಾಗುತ್ತಾರೆ. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಮೆಥೊಟ್ರೆಕ್ಸೇಟ್ ಔಷಧಿಯಿಂದ ಇದನ್ನು ವಾಸಿಮಾಡಿ ತೋರಿಸಿದರು. ಬರೀ ಔಷಧಿಯಿಂದ ಹರಡಿದ ಗಡ್ಡೆಯೊಂದು ಗುಣವಾದದ್ದು ಆಗಲೇ ಮೊದಲು.

ಯುವಕರಲ್ಲಿ ಇದಕ್ಕೆ ಜೋಡಿ ವೃಷಣದ ಕ್ಯಾನ್ಸರ್. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ಇದು ಶ್ವಾಸಕೋಶ, ಹೊಟ್ಟೆ, ಮಿದುಳಿಗೆ ಹರಡಿತ್ತು. ಗುಣವಾದರು. ಯುವರಾಜ್ ಅವರಿಗೆ ಇಂಡಿಯಾನಾಪೊಲಿಸ್‌ನಲ್ಲಿ ಚಿಕಿತ್ಸೆ ಕೊಟ್ಟ ಡಾ. ಲಾರೆನ್ಸ್ ಐನ್‌ಹಾರ್ನ್ ಅವರೇ ಆರ್ಮ್‌ಸ್ಟ್ರಾಂಗ್ ಚಿಕಿತ್ಸೆಯಲ್ಲೂ ಇದ್ದರು. ಯುವಕನ ಎದೆಯಲ್ಲಿ ಗಡ್ಡೆ ಕಂಡರೆ ಎಎಫ್‌ಪಿ, ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಗಳ ಜೊತೆಗೆ ವೃಷಣದ ಅಲ್ಟ್ರಾಸೌಂಡ್ ಮಾಡಿಸುವುದು ಇದಕ್ಕೇ.

ಹಾಗಂತ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಎಲ್ಲ ಟ್ಯೂಮರ್ ಮಾರ್ಕರ್‌ಗಳೂ ಇಷ್ಟು ಖಚಿತ ಅಂದುಕೊಳ್ಳಬೇಡಿ. ಆಫರ್ ಹಾಕಿ ಮಾರುವ ‘ಕ್ಯಾನ್ಸರ್ ಪ್ಯಾಕೇಜ್’ ರಕ್ತಪರೀಕ್ಷೆಗಳಲ್ಲಿ ಸಿಎ-125 ಇರುತ್ತದೆ. ಅದು ಅಂಡಾಶಯದ ಕ್ಯಾನ್ಸರಿನಲ್ಲಿ ಏರುತ್ತದೆ, ಟಿಬಿಯಿಂದ ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದಾಗಲೂ ಏರುತ್ತದೆ.

ಹುಟ್ಟೂರು ಸಿಗದೇ ಹೋದರೆ

ಎಲ್ಲ ಹುಡುಕಿದರೂ ನೂರು ಕ್ಯಾನ್ಸರ್ ರೋಗಿಗಳಲ್ಲಿ ಎರಡರಿಂದ ಐದು ಮಂದಿಗೆ ಮೂಲ ಸಿಗುವುದಿಲ್ಲ. ಇಲ್ಲಿ ವೈದ್ಯರ ನಡುವೆ ಜೋರು ಚರ್ಚೆ ಇದೆ.

ಒಂದು ಗುಂಪು ಹೇಳುವುದು: ಊರು ಹುಡುಕುವುದು ಸಾಕು, ಜೀನ್ ನೋಡಿ ಔಷಧಿ ಕೊಡಿ. ಅಮೆರಿಕದ ಎಫ್‌ಡಿಎ 2017ರಲ್ಲಿ ಪೆಂಬ್ರೋಲಿಜುಮ್ಯಾಬ್, 2018ರಲ್ಲಿ ಲಾರೋಟ್ರೆಕ್ಟಿನಿಬ್, 2024ರಲ್ಲಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಔಷಧಿಗಳಿಗೆ ಇಂಥ ಒಪ್ಪಿಗೆ ಕೊಟ್ಟಿತು. ಗಡ್ಡೆ ಯಾವ ಅಂಗದ್ದೇ ಆಗಲಿ, ನಿರ್ದಿಷ್ಟ ಗುರುತು ಇದ್ದರೆ ಬಳಸಬಹುದು. 2024ರಲ್ಲಿ ಬಂದ ಕುಪಿಸ್ಕೋ ಅಧ್ಯಯನದಲ್ಲಿ, ಜೀನ್ ನೋಡಿ ಔಷಧಿ ಪಡೆದವರಲ್ಲಿ ರೋಗ ಉಲ್ಬಣಿಸದೆ ಇದ್ದ ಅವಧಿ 6.1 ತಿಂಗಳು. ಸಾಮಾನ್ಯ ಕಿಮೋ ಪಡೆದವರಲ್ಲಿ 4.4 ತಿಂಗಳು.

ಇನ್ನೊಂದು ಗುಂಪು ಊರನ್ನು ಬಿಡಲು ತಯಾರಿಲ್ಲ. ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ವೈದ್ಯರು 182 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 90 ಜೀನ್‌ಗಳ ಪರೀಕ್ಷೆಯಿಂದ ಮೂಲ ಊಹಿಸಿ, ಆ ಅಂಗಕ್ಕೆ ಸಲ್ಲುವ ಔಷಧಿ ಕೊಟ್ಟು ನೋಡಿದರು. ಅದೂ 2024ರಲ್ಲೇ ಪ್ರಕಟವಾಯಿತು. ಅವರಲ್ಲಿ ರೋಗ ಉಲ್ಬಣಿಸದೆ ಇದ್ದ ಅವಧಿ 9.6 ತಿಂಗಳು, ಸಾಮಾನ್ಯ ಕಿಮೋ ಪಡೆದ ಇನ್ನೊಂದು ಗುಂಪಿನಲ್ಲಿ 6.6. ಆದರೆ 2019ರಲ್ಲಿ ಜಪಾನಿನಲ್ಲಿ ಇದೇ ಥರದ ಪ್ರಯತ್ನ ಲಾಭ ತೋರಿಸಿರಲಿಲ್ಲ.

ಮೇಲ್ನೋಟಕ್ಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸ್ವಲ್ಪ ಹತ್ತಿರದಿಂದ ನೋಡಿದರೆ ಕಾರಣ ಹೊಳೆಯುತ್ತದೆ. ಊಹಿಸಿದ ಊರು ಮೇದೋಜೀರಕ ಗ್ರಂಥಿ ಆದರೆ, ಅದಕ್ಕೇ ಅಂತ ಒಳ್ಳೆಯ ಔಷಧಿ ಕಮ್ಮಿ. ಹೆಸರು ಗೊತ್ತಾಗಿಯೂ ಉಪಯೋಗವಿಲ್ಲ. ಸ್ತನ, ಕರುಳು, ಕಿಡ್ನಿ ಆದರೆ ಹೆಸರಿಗೆ ಬೆಲೆ ಇದೆ. ಜೀನ್ ಒಂದೇ ಸಾಕು ಅನ್ನುವವರಿಗೂ ಒಂದು ತೊಡಕಿದೆ. ಬ್ರಾಫ್ ಅನ್ನುವ ಜೀನಿನ ಒಂದೇ ಬದಲಾವಣೆ ಮೆಲನೋಮದಲ್ಲೂ ಕರುಳಿನ ಕ್ಯಾನ್ಸರಿನಲ್ಲೂ ಇರುತ್ತದೆ. ವೆಮುರಾಫೆನಿಬ್ ಮಾತ್ರೆ ಮೊದಲನೆಯದರಲ್ಲಿ ಗಡ್ಡೆ ಕರಗಿಸುತ್ತದೆ, ಎರಡನೆಯದರಲ್ಲಿ ಒಂಟಿಯಾಗಿ ಕೊಟ್ಟರೆ ಹೆಚ್ಚೇನೂ ಮಾಡುವುದಿಲ್ಲ. ಬೀಗ ಒಂದೇ ಆದರೂ ಕರುಳಿನ ಕೋಶಕ್ಕೆ ಹಿತ್ತಿಲ ಬಾಗಿಲು ಗೊತ್ತಿದೆ.

ಹಾಗಾಗಿ ಪ್ರಾಯೋಗಿಕ ಪ್ರಶ್ನೆ ಇಷ್ಟೇ: ಮುಂದಿನ ಪರೀಕ್ಷೆಯ ಉತ್ತರದಿಂದ ಔಷಧಿ ಬದಲಾಗುತ್ತದಾ? ಆಗುತ್ತದೆ ಅಂದರೆ ಮಾಡಿಸಬೇಕು. ಆಗುವುದಿಲ್ಲ ಅಂದರೆ ಮೂರನೇ ಸಲದ ಎಂಡೋಸ್ಕೋಪಿ, ಎರಡನೇ ಪೆಟ್ ಸ್ಕ್ಯಾನ್ ರೋಗಿಯ ದೇಹವನ್ನೂ ಮನೆಯ ಗಂಟನ್ನೂ ಕರಗಿಸುತ್ತವೆ, ಅಷ್ಟೇ.

‘ನಾಲ್ಕನೇ ಹಂತ’ ಎಂಬ ಮಾತು

ಶ್ವಾಸಕೋಶಕ್ಕೆ ಹರಡಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ‘ಫೋರ್ತ್ ಸ್ಟೇಜ್’. ಹಂತದ ಲೆಕ್ಕವೂ ಹುಟ್ಟೂರಿನ ಮೇಲೆಯೇ ನಿಂತಿದೆ. 55 ವರ್ಷದೊಳಗಿನವರಿಗೆ ಸಾಮಾನ್ಯ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರೂ ಅದು ಎರಡನೇ ಹಂತ. ವೃಷಣದ ಕ್ಯಾನ್ಸರಿಗೆ ನಾಲ್ಕನೇ ಹಂತ ಅನ್ನುವುದೇ ಇಲ್ಲ, ಮೂರಕ್ಕೇ ಮುಗಿಯುತ್ತದೆ. ಕರುಳಿನದಾದರೆ ನಾಲ್ಕನೇ ಹಂತವೇ, ಆದರೆ ಶ್ವಾಸಕೋಶದಲ್ಲಿ ಒಂದೆರಡು ಗಂಟು ಮಾತ್ರ ಇದ್ದರೆ ಆಪರೇಷನ್ ಮಾಡಿ ತೆಗೆಯುವುದುಂಟು. ಊರು ಗೊತ್ತಾಗುವ ಮೊದಲೇ ‘ಇನ್ನೇನೂ ಮಾಡೋಕಾಗಲ್ಲ’ ಅಂತ ಮನೆಗೆ ಕರೆದುಕೊಂಡು ಹೋಗುವುದು ಇದಕ್ಕೇ ತಪ್ಪು.

ಕಿಮೋ ಜಿಲ್ಲೆಗೆ ಬಂತು, ಬ್ಲಾಕ್?

2025ರ ಕೇಂದ್ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ-ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಹೇಳಿತು. ಕರ್ನಾಟಕವೂ ಅದೇ ವರ್ಷ 16 ಜಿಲ್ಲೆಗಳಲ್ಲಿ ಡೇ-ಕೇರ್ ಕಿಮೋ ಕೇಂದ್ರಗಳನ್ನು ಶುರುಮಾಡಿತು. ಬೆಂಗಳೂರಿಗೆ ರಾತ್ರಿ ಬಸ್ ಹತ್ತಿ ಬರುವವರಿಗೆ ಇದು ನಿಜವಾದ ಉಪಕಾರ. ಆದರೆ ಈ ಏರ್ಪಾಟಿನಲ್ಲಿ ಕಿಮೋ ಕೊಡುವ ಕುರ್ಚಿ ಹತ್ತಿರ ಬಂದಿದೆ, ಯಾವ ಕಿಮೋ ಅಂತ ತೀರ್ಮಾನಿಸುವ ಪ್ಯಾಥಾಲಜಿಯ ಭಾರ ಇನ್ನೂ ದೊಡ್ಡ ಊರುಗಳ ಲ್ಯಾಬ್‌ಗಳ ಮೇಲೇ ಇದೆ. ಅಂದರೆ ತುಂಡು ಒಂದು ಕಡೆ, ರೋಗಿ ಒಂದು ಕಡೆ, ರಿಪೋರ್ಟ್ ಇನ್ನೊಂದು ಕಡೆ. ನಡುವೆ ಓಡಾಡುವವರು ಮನೆಯವರು.

ಹೀಗೆ ಓಡಾಡುವಾಗ ಜನ ಫೈಲು, ಸಿ.ಡಿ., ಎಕ್ಸ್-ರೇ ಲಕೋಟೆ ಎಲ್ಲ ಜೋಪಾನ ಮಾಡುತ್ತಾರೆ. ಬ್ಲಾಕ್ ಕೇಳಿ ಪಡೆಯುವುದನ್ನು ಮರೆಯುತ್ತಾರೆ. ಹಳೇ ಆಪರೇಷನ್‌ನ ಬ್ಲಾಕ್ ಅಲ್ಲಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ, ಅರ್ಜಿ ಬರೆದುಕೊಟ್ಟರೆ ಕೊಡುತ್ತಾರೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಹೊಸ ಪರೀಕ್ಷೆಯೇ ಬೇಡ. ತರುವಾಗ ಒಂದು ಎಚ್ಚರ. ಅದು ಮೇಣ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಕರಗುತ್ತದೆ.